ಕುತ್ತಿಗೆ ತಿರುಗಿಸುವ ರಾಜ

ಪೇಪರಿನ ಜಿಲ್ಲಾ ಪುಟದಲ್ಲಿ ಮತ್ತೆ ಅದೇ ಸುದ್ದಿ: ಇಸ್ಪೀಟ್ ಅಡ್ಡೆಯ ಮೇಲೆ ಪೊಲೀಸ್ ದಾಳಿ, ನಗದು ವಶ. ನಗದಿನ ಮೊತ್ತ ಊರಿಂದೂರಿಗೆ ಬದಲಾಗುತ್ತದೆ. ಬಾಲಕ್ಕೆ ಅಂಟಿಕೊಂಡು ಬರುವ ‘52 ಇಸ್ಪೀಟ್ ಎಲೆಗಳು’ ಬದಲಾಗುವುದಿಲ್ಲ. ಎದ್ದುಬಿದ್ದು ಓಡುವ ಗಡಿಬಿಡಿಯಲ್ಲೂ ಒಂದು ಎಲೆ ಕಳೆಯದ ಆ ಶಿಸ್ತಿಗೆ ನಮ್ಮ ಯಾಪಲದಿನ್ನಿಯ ಕಟ್ಟೆಯ ಮೇಲೆ ಎಷ್ಟೋ ಸಲ ನಕ್ಕಿದ್ದೇವೆ. ಈ ಸಲ ಮಾತ್ರ ನನಗೆ ನೆನಪಾದವನು ಯಾವ ಪಂಚನಾಮೆಗೂ ಸಿಗದ ಒಬ್ಬ ರಾಜ. ಕಂಪ್ಯೂಟರಿನ ಇಸ್ಪೀಟ್ ಆಟ ಫ್ರೀಸೆಲ್ಲಿನ ರಾಜ.

ಹಸಿರು ಹಾಸಿನ ಮೇಲ್ತುದಿಯಲ್ಲಿ ಎಡಕ್ಕೆ ನಾಲ್ಕು ಮನೆ, ಬಲಕ್ಕೆ ನಾಲ್ಕು ಮನೆ, ನಡುವಿನ ಸಣ್ಣ ಚೌಕದಲ್ಲಿ ಅವನ ಮುಖ. ಮೌಸನ್ನು ಎಡದ ಮನೆಗಳತ್ತ ಒಯ್ದರೆ ಎಡಕ್ಕೆ ನೋಡುತ್ತಾನೆ, ಬಲದತ್ತ ಒಯ್ದರೆ ಬಲಕ್ಕೆ. ಅದರಿಂದ ಆಟಕ್ಕೆ ಮೂರು ಕಾಸಿನ ಉಪಯೋಗವಿಲ್ಲ. ಆದರೂ ರಾಯಚೂರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕೂತು ಇವನ ಕುತ್ತಿಗೆಯನ್ನು ಅತ್ತಿತ್ತ ತಿರುಗಿಸುವುದರಲ್ಲೇ ಅರ್ಧ ಗಂಟೆ ಕಳೆದದ್ದುಂಟು. ಫೀಸು ಕಟ್ಟಿದ್ದ ಅಪ್ಪನಿಗೆ ಇದು ಗೊತ್ತಿರಲಿಲ್ಲ.

ಆಗಿನ ಮೌಸಿಗೆ ಹೊಟ್ಟೆಯೊಳಗೆ ರಬ್ಬರ್ ಗುಂಡು. ನಮ್ಮ ಕಡೆ ಹತ್ತಿ ಸೀಸನ್ನಿನಲ್ಲಿ ಗಾಳಿಯಲ್ಲೆಲ್ಲ ನವಿರು ಎಳೆ, ಉಳಿದ ದಿನಗಳಲ್ಲಿ ಧೂಳು. ಎರಡೂ ಗುಂಡಿಗೆ ಸುತ್ತಿಕೊಂಡು ಒಳಗೆ ಹೋಗುತ್ತಿದ್ದವು. ಮೌಸನ್ನು ಅಂಗಾತ ಮಾಡಿ, ಅಡಿಯ ಬಿಲ್ಲೆಯನ್ನು ಹೆಬ್ಬೆರಳಿನಿಂದ ತಿರುವಿದರೆ ಗುಂಡು ಅಂಗೈಗೆ ಬೀಳುತ್ತಿತ್ತು. ಒಳಗಿನ ಉರುಳೆಗಳ ಮೇಲೆ ಕಪ್ಪು ಪಟ್ಟಿಯಾಗಿ ಕೂತ ಕೊಳೆಯನ್ನು ಉಗುರಿನಿಂದ ಕೆರೆದು ತೆಗೆಯಬೇಕು. ತೆಗೆಯದಿದ್ದರೆ ಬಾಣ ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು, ಹಿಡಿದ ಎಲೆ ಹೋಗಬೇಕಾದ ಕಡೆ ತಲುಪುತ್ತಲೇ ಇರಲಿಲ್ಲ.

ಎಲೆಯನ್ನು ಎಳೆದು ಆಡುವ ಇನ್ನೊಂದು ಕಂಪ್ಯೂಟರ್ ಇಸ್ಪೀಟ್, ಸಾಲಿಟೇರಿನ ಕಷ್ಟ ಅದೇ. ಅದು 1990ರಲ್ಲಿ ವಿಂಡೋಸ್ 3.0 ಜೊತೆಗೆ ಬಂತು. ಬರೆದವನು ಮೈಕ್ರೋಸಾಫ್ಟಿಗೆ ಇಂಟರ್ನ್ ಆಗಿ ಬಂದಿದ್ದ ವೆಸ್ ಚೆರ್ರಿ. ಎಲೆಗಳ ಚಿತ್ರ, ಅದಕ್ಕೆ ಮೊದಲೇ ಮ್ಯಾಕಿಂಟೋಷಿನ ಐಕಾನುಗಳನ್ನು ಬಿಡಿಸಿದ್ದ ಸೂಸನ್ ಕೇರ್ ಅವರದು. ಜಗತ್ತೆಲ್ಲ ಆಡಿದ ಆಟಕ್ಕೆ ಚೆರ್ರಿಗೆ ರಾಯಲ್ಟಿ ಬರಲಿಲ್ಲ. ಸಾಹೇಬರು ಬಂದಾಗ ಆಟ ಮುಚ್ಚಿಡಲು ಅವನು ಇಟ್ಟಿದ್ದ ಕೀಲಿಯನ್ನೂ ಕಂಪನಿ ತೆಗೆಸಿತು. ಗುಮಾಸ್ತರಿಗೆ ಮೌಸ್ ಹಿಡಿದು ಎಳೆದು ಬಿಡುವುದನ್ನು ಕಲಿಸಲೆಂದೇ ಆ ಆಟ ಕೊಟ್ಟರು ಎನ್ನುವ ಮಾತಿದೆ. ಗುಂಡಿ ಒತ್ತಿ ಹಿಡಿ, ಎಳೆ, ಬಿಡು. ತಪ್ಪು ಜಾಗದಲ್ಲಿ ಬಿಟ್ಟರೆ ಎಲೆ ತಾನೇ ತವರಿಗೆ ವಾಪಸು. ಬಡ ಯಂತ್ರಗಳಿಗಾಗಿ, ಎಲೆಯ ಬದಲು ಬರೀ ಅದರ ಅಂಚುಗೆರೆ ಎಳೆಯುವ ಏರ್ಪಾಡೂ ಇತ್ತು.

ಎಲ್ಲ ಸರಿ, ಆದರೆ ಇಸ್ಪೀಟನ್ನು ಎಳೆಯುತ್ತಾರೆಯೇ? ಕಟ್ಟೆಯ ಮೇಲೆ ಎಲೆಯನ್ನು ಒಗೆಯುತ್ತಾರೆ, ಟಪ್ಪೆಂದು. ಗೆಲ್ಲುವ ಎಲೆಯಾದರೆ ಇನ್ನೂ ಜೋರಾಗಿ. ಫ್ರೀಸೆಲ್ಲನ್ನು ವಿಂಡೋಸಿಗೆ ತಂದ ಜಿಮ್ ಹಾರ್ನ್ ಎಳೆದಾಟ ಇಡಲೇ ಇಲ್ಲ. ಎಲೆ ಮುಟ್ಟಿದರೆ ಬಣ್ಣ ತಿರುವುಮುರುವಾಗುತ್ತದೆ, ಹೋಗಬೇಕಾದ ಜಾಗ ಮುಟ್ಟಿದರೆ ಹೋಗಿ ಕೂರುತ್ತದೆ. ಎರಡು ಸಲ ಬೇಗ ಒತ್ತಿದರೆ ಖಾಲಿ ಮನೆಗೆ. ಮುಚ್ಚಿಹೋದ ಎಲೆಯ ಮೇಲೆ ಬಲಗುಂಡಿ ಒತ್ತಿ ಹಿಡಿದರೆ ಪೂರ್ತಿ ಮುಖ ಕಾಣುತ್ತದೆ, ಬಿಟ್ಟರೆ ಮತ್ತೆ ಮರೆ. ಕಟ್ಟೆಯಲ್ಲಿ ಹಾಗೆ ಇಣುಕಿದರೆ ಹೊಡೆದಾಟವೇ. ಹತ್ತಿಯ ಕೊಳೆ ತಿಂದ ಮೌಸಿಗೆ ಈ ಮುಟ್ಟಾಟ ವರವಾಗಿತ್ತು.

ಇನ್ನೊಂದು ವರ, ನಂಬರು. 1ರಿಂದ 32,000ದವರೆಗೆ ಪ್ರತಿ ಹಂಚಿಕೆಗೂ ಒಂದೊಂದು ನಂಬರು. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ರಾಜ್ಯಕ್ಕೆಲ್ಲ ಕರೆಂಟು ಕೊಡುವ ನಮ್ಮ ತಾಲ್ಲೂಕಿನಲ್ಲೇ ಕರೆಂಟು ಹೋಗುತ್ತಿತ್ತು. ಯುಪಿಎಸ್ ಕುಂಯ್‌ಗುಟ್ಟಿ ಸತ್ತರೂ ನಂಬರು ಪುಸ್ತಕದ ಮೂಲೆಯಲ್ಲಿ ಬರೆದಿಟ್ಟಿದ್ದರೆ ಮರುದಿನ ಅದೇ ಎಲೆಗಳು, ಅದೇ ಸಾಲಿನಲ್ಲಿ ಸಿಗುತ್ತಿದ್ದವು. ಅಷ್ಟು ನಂಬರುಗಳಲ್ಲಿ 11982 ಒಂದನ್ನು ಮಾತ್ರ ಯಾರೂ ಬಿಡಿಸಲಾರರು. ನಾವು ಹೊಸಬರಿಗೆ ಅದನ್ನೇ ಕೊಡುತ್ತಿದ್ದೆವು.

ರಾಜ ಸುಮ್ಮನೆ ಏಕಿದ್ದ ಎನ್ನುವುದಕ್ಕೆ ನನ್ನದೇ ಒಂದು ತೀರ್ಮಾನವಿದೆ. ಎಲ್ಲ ಇಸ್ಪೀಟ್ ಕೂಟದಲ್ಲೂ ಆಡದೆ ಬರೀ ನೋಡುವವನೊಬ್ಬ ಇರುತ್ತಾನೆ. ಬೀಡಿ ಕಚ್ಚಿಕೊಂಡು ಯಾರು ಎಲೆ ಎತ್ತಿದರೂ ಅತ್ತ ತಿರುಗುತ್ತಾನೆ, ತುಟಿ ಬಿಚ್ಚುವುದಿಲ್ಲ. ಒಂಟಿ ಆಟಕ್ಕೆ ಹಾರ್ನ್ ಆ ನೋಡುಗನನ್ನು ಹಾಕಿಕೊಟ್ಟ. ಹಾರ್ನನ ಮನಸ್ಸಿನಲ್ಲಿ ಏನಿತ್ತೋ, ಯಾಪಲದಿನ್ನಿಯ ಲೆಕ್ಕ ಇದು.

ರಾಜ ಎಂದಾಗ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ನೆನಪೂ ಬರುತ್ತದೆ. ದುಂಡನೆಯ ಗಂಜೀಫಾ ಎಲೆಗಳಿಂದ ಹೊಸ ಹೊಸ ಆಟ ಕಟ್ಟಿದ ದೊರೆ. ಅವರ ಚಾಮುಂಡೇಶ್ವರಿ ಛದಕ್ಕೆ 320 ಎಲೆ. ಸಾಮಾನ್ಯ ಗಂಜೀಫಾದಲ್ಲಿ ರಾಜನುಂಟು, ಮಂತ್ರಿಯುಂಟು, ರಾಣಿ ಗುಲಾಮರಿಲ್ಲ. ಅಷ್ಟು ಎಲೆಗಳನ್ನು ನಮ್ಮ ಕ್ಲಾಸಿನ ಮೌಸಿನಿಂದ ಎಳೆಯುವುದನ್ನು ನೆನೆದರೇ ಮಣಿಕಟ್ಟು ನೋಯುತ್ತದೆ.

ಇಷ್ಟನ್ನೂ ತಂಗಿಯ ಮಗಳಿಗೆ ಹೇಳಿದೆ. ಬೆಂಗಳೂರಿನಲ್ಲಿ ಕೆಲಸ, ರಜೆಯಲ್ಲಿ ತಾನೇ ಒಂದು ಇಸ್ಪೀಟ್ ಆಟ ಬರೆಯುತ್ತಿದ್ದಾಳೆ. “ಎಲಿ ಎಳೀಬೇಕಾ, ಮುಟ್ಟಿದ್ರ ಸಾಕಾ ಮಾಮಾ?” ಎಂದಳು. ಮುಟ್ಟಿದರೆ ಸಾಕು ಎಂದೆ. ಅವಳು ಎರಡನ್ನೂ ಇಟ್ಟಳು: ಬಾಣ ನಾಲ್ಕಾರು ಚುಕ್ಕಿಯಷ್ಟು ಸರಿಯುವ ಮೊದಲೇ ಬೆರಳು ಎತ್ತಿದರೆ ಮುಟ್ಟಿದ ಲೆಕ್ಕ, ಮುಂದೆ ಹೋದರೆ ಎಳೆದ ಲೆಕ್ಕ. ಕೈ ನಡುಗುವ ಹಿರಿಯರಿಗೆ ಆ ಚುಕ್ಕಿ ಇನ್ನಷ್ಟು ಹೆಚ್ಚಿಸು ಎಂದೆ, ಹೆಚ್ಚಿಸಿದಳು. ರಾಜನ ಕುತ್ತಿಗೆಯನ್ನೂ ಕೇಳಿದೆ.

“ರಾಜ ಬ್ಯಾಡ, ಗುಲಾಮನ್ನ ಕುಂದ್ರಸ್ತೀನಿ. ಹೇಳಿದ ಕಡಿ ಕುತ್ತಿಗಿ ತಿರುವೋದು ಅವನ ಕೆಲಸ.”

ನಾನು ಒಪ್ಪಿಲ್ಲ. ವಾದ ನಡೆದಿದೆ.