ಬಂದ್ವಿ ಅಜ್ಜಿ

ಈ ಸೆಮಿಸ್ಟರ್ ನಾವು ಫೋನಿನಲ್ಲಿ ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿದ್ವಿ. ನಾವು ಅಂದ್ರೆ ನಾನು ಮತ್ತೆ ಚಿಕ್ಕಪ್ಪನ ಮಗ. ಇಬ್ಬರೂ ಸೆಕೆಂಡ್ ಇಯರ್, ಒಂದೇ ರೂಮು, ಊರು ವಳ್ಳೂರು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಒಂದು ಪಾಠ ಪೂರ್ತಿ ಲೇಟಾಗೋದರ ಬಗ್ಗೆ. ‘ತಾರ್ದೆ’ ಅಂದ್ರೆ ತಡ. ಅದೇ ಪದಕ್ಕೆ ಮಧ್ಯಾಹ್ನ ಅಂತಲೂ ಅರ್ಥ. ಮೊದಲು ನಗು ಬಂತು. ಆಮೇಲೆ ನೆನಪಾಯ್ತು, ಅಜ್ಜಿ ‘ಹೊತ್ತಾಯ್ತು’ ಅಂದ್ರೆ ತಡ ಆಯ್ತು ಅಂತ, ‘ಹೊತ್ತು ಮುಳುಗ್ತು’ ಅಂದ್ರೆ ಸೂರ್ಯ ಮುಳುಗಿದ ಅಂತ. ನಮ್ಮದೂ ಅದೇ ಲೆಕ್ಕ.

ರೈಲು ತಡವಾದ್ರೆ ‘ರೆತ್ರಾಸೊ’. ನಮ್ಮ ಕಡೆಯವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ತುಮಕೂರಿನಿಂದ ಮಧುಗಿರಿ, ಪಾವಗಡದ ಮೇಲೆ ರಾಯದುರ್ಗಕ್ಕೆ ಹೋಗೋ ಸುಮಾರು 207 ಕಿ.ಮೀ. ರೈಲು ಮಾರ್ಗ ಮಂಜೂರಾಗಿದ್ದು 2007-08ರಲ್ಲಿ. ಹೆಚ್ಚುಕಮ್ಮಿ ನಮ್ಮದೇ ವಯಸ್ಸು. ನಾವು ಪಿಯುಸಿ ಮುಗಿಸಿದಾಗಲೂ ಮಧುಗಿರಿಗೆ ರೈಲು ಬಂದಿರಲಿಲ್ಲ.

ಆದ್ರೆ ನಮ್ಮನ್ನ ಹಿಡಿದು ನಿಲ್ಲಿಸಿದ್ದು ‘ಯಾ ವೊಯ್’. ಯಾರಾದ್ರೂ ಕರೆದ್ರೆ ಹೇಳೋದು. ಪದಶಃ ‘ಈಗ ಹೋಗ್ತೀನಿ’, ಅರ್ಥ ‘ಬಂದೆ ಇರು’. ಅವರದು ವರ್ತಮಾನ ಕಾಲ. ನಾವು ಕನ್ನಡದವರು ಎದ್ದೇ ಇರಲ್ಲ, ಆಗಲೇ ಭೂತಕಾಲದಲ್ಲಿ ‘ಬಂದೆ’ ಅಂದುಬಿಡ್ತೀವಿ.

ಅವರೆಕಾಯಿ ಸೀಸನ್ನಲ್ಲಿ ಅಜ್ಜಿ ಫೋನ್ ಮಾಡಿದ್ರು. “ಯಾವಾಗ್ ಬರ್ತೀರ್ರಪ್ಪಾ?”

“ಬಂದ್ವಿ ಅಜ್ಜಿ, ಈ ಶನಿವಾರ ಬಂದ್ವಿ.”

ಆ ವಾರ ಇಂಟರ್ನಲ್ಸು. ಮುಂದಿನ ವಾರ ಲ್ಯಾಬ್ ರೆಕಾರ್ಡು. ಅದರ ಮುಂದಿನ ವಾರ, ನಿಜ ಹೇಳಬೇಕಂದ್ರೆ, ಮ್ಯಾಚು. ಪ್ರತಿ ಸಲ ಫೋನಿನಲ್ಲಿ ‘ಬಂದ್ವಿ’ ಅಂದಿದ್ವಿ.

ನಾಲ್ಕನೇ ಶನಿವಾರ ಹೋದ್ವಿ. ಬಸ್ಸಿಳಿದಾಗ ಅಂಗಡಿಯವರು ಅಂದ್ರು, “ಈಗ ಬಂದ್ರಾ? ನಿಮ್ಮಜ್ಜಿ ಮೂರು ಶನಿವಾರ ಇಲ್ಲೇ ಕಲ್ಲಿನ ಮೇಲೆ ಕೂತಿತ್ತು. ಕೊನೇ ಬಸ್ಸು ಹೋದ್ಮೇಲೆ ಎದ್ದು ಹೋಗ್ತಿತ್ತು. ಹೋದ್ವಾರ ಕತ್ತಲಲ್ಲಿ ಎಡವಿ ಬಿತ್ತು.”

ಮನೆಗೆ ಹೋದ್ರೆ ಅಜ್ಜಿ ಮಂಚದ ಮೇಲೆ, ಕಾಲಿಗೆ ಪಟ್ಟಿ. ಬೈಲಿಲ್ಲ. “ಹೊತ್ತಾಯ್ತು, ಉಣ್ರಪ್ಪ” ಅಂದ್ರು. ನಮಗೇಂತ ಎತ್ತಿಟ್ಟಿದ್ದ ಅವರೆಕಾಯಿ ಒಣಗಿ ಕಾಳಾಗಿತ್ತು. ಚಿಕ್ಕಮ್ಮ ಅದನ್ನೇ ನೆನೆಸಿ ಸಾರು ಮಾಡಿದ್ರು. ಮುದ್ದೆ ಗಂಟಲಲ್ಲಿ ಇಳೀಲಿಲ್ಲ.

ಹೊರಡುವಾಗ “ಬರ್ತೀವಿ ಅಜ್ಜಿ” ಅಂದ್ವಿ. “ಬಸ್ ಹತ್ತಿದ್ಮೇಲೆ ಫೋನ್ ಮಾಡ್ರಪ್ಪ” ಅಂದ್ರು, ಅಷ್ಟೇ.

ಈಗ ಅಜ್ಜಿ ಕೇಳಿದ್ರೆ “ಇನ್ನೂ ಹೊರಟಿಲ್ಲ” ಅಂತಲೇ ಹೇಳ್ತೀವಿ. ಹೇಳೋಕೆ ನಾಚಿಕೆ ಆಗುತ್ತೆ. ಅದಕ್ಕೇ ಬೇಗ ಹೊರಡ್ತೀವಿ.