ನರಹುಲಿಗೆ ಕುದುರೆ ಬಾಲ

ಮೊದಲು ಗೊತ್ತಾಗಿದ್ದು ಅಮ್ಮನಿಗೆ. ಹೋದ ವರ್ಷ ಚಿಕ್ಕಪ್ಪನ ಮಗಳ ಮದುವೆಯ ದಿನ, ಛತ್ರದ ಕೋಣೆಯಲ್ಲಿ ನನ್ನ ಕುತ್ತಿಗೆಗೆ ತನ್ನ ಎರಡೆಳೆ ಸರ ಹಾಕುತ್ತಿದ್ದಳು. ಕೊಂಡಿ ಯಾವುದಕ್ಕೋ ಸಿಕ್ಕಿಹಾಕಿಕೊಂಡಿತು, ನಾನು ಚೀರಿದೆ. ಅಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿ, "ಅಯ್ಯೋ, ನರಹುಲಿ ಕಣೇ! ಒಂದಲ್ಲ, ಐದಾರಿದಾವೆ" ಎಂದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. "ಕುತ್ತಿಗೆ ನೋಡು ಹೆಂಗೆ ಕಪ್ಪಗಾಗಿದೆ. ಹಾಸ್ಟೆಲ್ಲಲ್ಲಿ ನೀರಿಲ್ವಾ, ಸೋಪಿಲ್ವಾ? ಪಿಎಚ್.ಡಿ ಮಾಡ್ತಾಳಂತೆ, ಕುತ್ತಿಗೆ ಉಜ್ಜಿಕೊಳ್ಳೋಕೆ ಬರಲ್ಲ" ಎಂದು ಎಲ್ಲರಿಗೂ ಕೇಳುವಂತೆ ಬೈದಳು.

ಕೋಣೆಯಲ್ಲಿದ್ದ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರೆಲ್ಲ ಒಬ್ಬೊಬ್ಬರಾಗಿ ಬಂದು ನನ್ನ ಕುತ್ತಿಗೆಯನ್ನು ಮುಟ್ಟಿ ನೋಡಿದರು. ಒಬ್ಬರು ಸುಣ್ಣಕ್ಕೆ ಸೋಪು ಕಲಸಿ ಹಚ್ಚು ಎಂದರು. ಇನ್ನೊಬ್ಬರು ದೇವಸ್ಥಾನದ ಕಲ್ಯಾಣಿಗೆ ಬೆಲ್ಲ ಹಾಕು, ಬೆಲ್ಲ ಕರಗಿದ ಹಾಗೆ ಅದೂ ಕರಗುತ್ತೆ ಎಂದರು. ದೊಡ್ಡಮ್ಮ, "ಕುದುರೆ ಬಾಲದ ಕೂದಲು ಕಟ್ಟು, ಮೂರೇ ದಿನಕ್ಕೆ ಬಿದ್ದೋಗುತ್ತೆ" ಎಂದರು. ಚಿಕ್ಕವಳಿದ್ದಾಗ ನಕ್ಷತ್ರ ಎಣಿಸಿದ್ದರ ಫಲ ಇದು ಎಂದು ಅತ್ತೆ ನಕ್ಕರು. ನಾನು ನಗಲಿಲ್ಲ. ಆ ದಿನದ ಫೋಟೋಗಳಲ್ಲೆಲ್ಲ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ನಿಂತಿದ್ದೇನೆ.

ತಮಾಷೆ ಏನೆಂದರೆ, ಈ ಯಾವ ಔಷಧಿಯೂ ನನಗೆ ಹೊಸದಲ್ಲ. ನನ್ನ ಸಂಶೋಧನೆಯ ವಿಷಯವೇ ಜನಪದ ವೈದ್ಯ. ಮೂರು ವರ್ಷದಿಂದ ಊರೂರು ತಿರುಗಿ, ಅಜ್ಜಿಯರ ಜಗುಲಿಯ ಮೇಲೆ ಕೂತು, ಹಾವು ಕಡಿತದಿಂದ ಹಿಡಿದು ಕಣ್ಣುಕುಟಿಗೆಯವರೆಗೆ ಬರೆದುಕೊಂಡಿದ್ದೇನೆ. ನರಹುಲಿಗೇ ಹನ್ನೊಂದು ಉಪಚಾರಗಳ ಪಟ್ಟಿ ನನ್ನ ಲ್ಯಾಪ್‌ಟಾಪಿನಲ್ಲಿದೆ. ಕುದುರೆ ಬಾಲ ನಾಲ್ಕನೆಯದು.

ಹಾಸ್ಟೆಲ್ಲಿಗೆ ವಾಪಸು ಬಂದವಳು ಒಂದು ವಾರ ಕುತ್ತಿಗೆಯನ್ನು ತೆಂಗಿನ ನಾರಿನಿಂದ ಉಜ್ಜಿದೆ. ಚರ್ಮ ಉರಿಯಿತೇ ಹೊರತು ಬಣ್ಣ ಬದಲಾಗಲಿಲ್ಲ. ಆಮೇಲೆ ನಾಲ್ಕನೆಯ ಉಪಚಾರಕ್ಕೆ ಇಳಿದೆ. ಕುದುರೆ ಎಲ್ಲಿಂದ ತರಲಿ? ನನ್ನದೇ ತಲೆಗೂದಲನ್ನು ಎರಡೆಳೆ ಹೊಸೆದು, ಕನ್ನಡಿ ಎದುರು ನಿಂತು, ಎಲ್ಲಕ್ಕಿಂತ ದೊಡ್ಡದರ ಬುಡಕ್ಕೆ ಬಿಗಿದೆ. ಮೂರನೇ ದಿನಕ್ಕೆ ಅದು ನೇರಳೆ ಬಣ್ಣಕ್ಕೆ ತಿರುಗಿತು. ಔಷಧಿ ಕೆಲಸ ಮಾಡುತ್ತಿದೆ ಎಂದು ಖುಷಿಪಟ್ಟೆ, ಪ್ರಬಂಧದಲ್ಲಿ ಸ್ವಾನುಭವ ಎಂದು ಒಂದು ಅಡಿಟಿಪ್ಪಣಿ ಬರೆಯುವ ಯೋಚನೆಯನ್ನೂ ಮಾಡಿದೆ. ಐದನೇ ದಿನ ಕುತ್ತಿಗೆ ತಿರುಗಿಸಲಾಗದಷ್ಟು ಊದಿಕೊಂಡು, ಕೀವು ತುಂಬಿ, ಜ್ವರ ಬಂತು. ರೂಮ್‌ಮೇಟ್ ಬೈಯುತ್ತಲೇ ಆಟೋ ಹತ್ತಿಸಿದಳು.

ಚರ್ಮದ ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು. ಮಾಂಸದೊಳಗೆ ಹೂತಿದ್ದ ಕೂದಲನ್ನು ಚಿಮುಟದಲ್ಲಿ ಎಳೆದು ತೆಗೆದು, "ಇದೇನಿದು?" ಎಂದು ಬೆಳಕಿಗೆ ಹಿಡಿದರು. ಹೇಳಿದೆ. ಅವರು ಬೈಯಲಿಲ್ಲ. "ಕಟ್ಟಿದರೆ ರಕ್ತ ಹೋಗದೆ ಒಣಗಿ ಬೀಳುತ್ತೆ, ಅದು ಸುಳ್ಳಲ್ಲ. ನಾವೂ ಕೆಲವು ಸಲ ಕಟ್ಟುತ್ತೇವೆ. ಆದರೆ ಮೊದಲು ಅದು ಏನು ಅಂತ ನೋಡಿ, ಆಮೇಲೆ ಶುದ್ಧವಾದ ದಾರದಲ್ಲಿ" ಎಂದರು.

ಅದು ಏನು ಎಂದು ಕೇಳಿಕೊಂಡೆ. ನಮ್ಮ ಕಡೆ ಚರ್ಮದ ಮೇಲೆ ಎದ್ದದ್ದೆಲ್ಲ ನರಹುಲಿಯೇ. ನನ್ನ ಪಟ್ಟಿಯ ತಲೆಬರಹವೂ ಅದೇ. ಡಾಕ್ಟರ ಪ್ರಕಾರ ಇವು ಎರಡು ಬೇರೆ ಬೇರೆ ಕುಲ. ನಿಜವಾದ ನರಹುಲಿ ವೈರಸ್‌ನಿಂದ ಬರುವುದು, ಎಚ್‌ಪಿವಿ ಎನ್ನುತ್ತಾರೆ. ಮೇಲ್ಮೈ ಹೂಕೋಸಿನ ಹಾಗೆ ಒರಟು, ಮುಟ್ಟಿದರೆ ಇನ್ನೊಬ್ಬರಿಗೆ ಹರಡಬಹುದು, ಕೆರೆದರೆ ನಮ್ಮ ಮೈಯಲ್ಲೇ ಇನ್ನೊಂದು ಕಡೆಗೂ ಹೋಗಬಹುದು. ನನ್ನ ಕುತ್ತಿಗೆಯಲ್ಲಿ ಇದ್ದದ್ದು ಸ್ಕಿನ್ ಟ್ಯಾಗ್. ತೆಳ್ಳಗಿನ ತೊಟ್ಟಿನಲ್ಲಿ ನೇತಾಡುವ ಮೆತ್ತನೆಯ ಕಾಳು. ಒಳಗೆ ಕಾಲಜನ್ ಎಂಬ ನಾರು, ಸಣ್ಣ ರಕ್ತನಾಳ, ಮೇಲೊಂದು ಚರ್ಮದ ಹೊದಿಕೆ, ಅಷ್ಟೇ. ಕುತ್ತಿಗೆ, ಕಂಕುಳು, ತೊಡೆಸಂದು, ಎದೆಯ ಕೆಳಗೆ, ಕಣ್ಣರೆಪ್ಪೆ, ಹೀಗೆ ಚರ್ಮಕ್ಕೆ ಚರ್ಮ ಉಜ್ಜುವ ಅಥವಾ ಮಡಿಕೆ ಬೀಳುವ ಕಡೆ ಹೆಚ್ಚು. ಅಂಟುವುದಿಲ್ಲ, ಸಾಮಾನ್ಯವಾಗಿ ನೋಯುವುದಿಲ್ಲ, ಕ್ಯಾನ್ಸರಂತೂ ಅಲ್ಲ. ತೊಂದರೆ ಕೊಡದಿದ್ದರೆ ಇದ್ದಷ್ಟು ದಿನ ಇರಲಿ ಎಂದು ಬಿಟ್ಟುಬಿಡಬಹುದು. ಬೇಡವೆಂದರೆ ಕತ್ತರಿಯಿಂದಲೋ, ಸುಟ್ಟೋ, ತಣ್ಣನೆಯ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿಯೋ ತೆಗೆಯುತ್ತಾರೆ. ಉಳಿದದ್ದನ್ನೆಲ್ಲ ಆಮೇಲೊಂದು ದಿನ, ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ತೆಗೆದರು.

ಅಲ್ಲಿಗೆ ಮುಗಿಯಿತು ಎಂದು ಎದ್ದೆ. ಅವರು ಕೂರಿಸಿದರು. "ಈ ಕಪ್ಪು ಎಷ್ಟು ದಿನದಿಂದ ಇದೆ?" ಎಂದು ಕುತ್ತಿಗೆಯ ಹಿಂಭಾಗ ಸವರಿದರು. ನಾನು ಅಪರಾಧಿಯ ಹಾಗೆ, "ದಿನಾ ಉಜ್ಜುತ್ತೀನಿ ಡಾಕ್ಟ್ರೇ" ಎಂದೆ. ಅವರು ನಕ್ಕುಬಿಟ್ಟರು. "ಇದು ಕೊಳೆ ಅಲ್ಲಮ್ಮ. ಉಜ್ಜಿದರೆ ಹೋಗಲ್ಲ." ಅದಕ್ಕೂ ಒಂದು ಹೆಸರಿದೆ, ಅಕಾಂಥೋಸಿಸ್ ನೈಗ್ರಿಕಾನ್ಸ್. ಮುಟ್ಟಿದರೆ ಮಖಮಲ್ಲಿನ ಹಾಗಿರುತ್ತದೆ. ದೇಹ ಇನ್ಸುಲಿನ್ ಮಾತು ಕೇಳುವುದನ್ನು ಕಡಿಮೆ ಮಾಡಿದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹಾಗೆ ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳನ್ನೂ ಬೆಳೆಸುತ್ತದೆ. ಚರ್ಮ ದಪ್ಪವಾಗಿ ಕಪ್ಪಾಗುತ್ತದೆ, ಅದರ ಜೊತೆಗೇ ಇಂಥ ಟ್ಯಾಗ್‌ಗಳೂ ಏಳುತ್ತವೆ. ಟ್ಯಾಗ್ ಇರುವವರಿಗೆಲ್ಲ ಸಕ್ಕರೆ ಕಾಯಿಲೆ ಎಂದಲ್ಲ. ವಯಸ್ಸಾದಂತೆ, ಬಸಿರಿನಲ್ಲಿ, ಮನೆತನದಲ್ಲಿ ಇದ್ದರೆ ಸುಮ್ಮನೆಯೂ ಬರುತ್ತವೆ. ಆದರೆ ಇಪ್ಪತ್ತೆಂಟನೇ ವಯಸ್ಸಿಗೆ ಇಷ್ಟೊಂದು, ಕಪ್ಪು ಕುತ್ತಿಗೆಯ ಜೊತೆಗೆ ಬಂದಿದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು ಎಂದರು. ಮುಟ್ಟು ಸರಿಯಾಗಿ ಆಗುತ್ತದೆಯೇ, ತೂಕ ಎಷ್ಟು ಏರಿದೆ, ಮನೆಯಲ್ಲಿ ಯಾರಿಗೆ ಸಕ್ಕರೆ ಇದೆ ಎಂದು ಒಂದೊಂದಾಗಿ ಕೇಳಿದರು. ಮೂರು ವರ್ಷದಲ್ಲಿ ಹನ್ನೊಂದು ಕೆ.ಜಿ., ಮುಟ್ಟು ಎರಡು ತಿಂಗಳಿಗೊಮ್ಮೆ, ಅಮ್ಮನ ಅಕ್ಕನಿಗೆ ಸಕ್ಕರೆ. ಬೇರೆಯವರಿಗೆ ನಾನೇ ಕೇಳುತ್ತಾ ಬಂದಂಥ ಪ್ರಶ್ನೆಗಳು ಅವು. ಉತ್ತರಿಸುವುದು ಇಷ್ಟು ಮುಜುಗರದ್ದು ಎಂದು ಗೊತ್ತಿರಲಿಲ್ಲ.

ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಹೊಸ್ತಿಲು, 6.5 ಮುಟ್ಟಿದರೆ ಮನೆಯೊಳಗೆ ಎಂದು ಡಾಕ್ಟರು ವಿವರಿಸಿದರು. ನಾನು ಹೊಸ್ತಿಲ ಮೇಲೆ ಕೂತಿದ್ದೆ.

ಆ ಎರಡನೇ ಭೇಟಿಯಲ್ಲಿ, ವರದಿ ನೋಡಿ ಮುಗಿದ ಮೇಲೆ, ಯಾವಾಗ ಡಾಕ್ಟರ ಹತ್ತಿರ ಬರಬೇಕು ಎಂದು ಕೇಳಿ ಬರೆದುಕೊಳ್ಳತೊಡಗಿದೆ. ಅಭ್ಯಾಸಬಲ. ತಾನಾಗಿ ರಕ್ತ ಬಂದರೆ, ಬಣ್ಣ ಬದಲಾದರೆ, ಒಂದರಲ್ಲೇ ಎರಡು ಮೂರು ಬಣ್ಣ ಕಂಡರೆ, ಅಂಚು ಹರಿದಂತಿದ್ದರೆ, ಬೇಗ ಬೆಳೆದರೆ, ಗಟ್ಟಿಯಾದರೆ, ನೋವಿದ್ದರೆ, ಹುಣ್ಣಾಗಿ ವಾಸಿಯಾಗದಿದ್ದರೆ. ಕಣ್ಣರೆಪ್ಪೆಯ ಮೇಲಿದ್ದರೆ ಅದಕ್ಕೆ ಯಾವ ಮನೆಮದ್ದೂ ಕೂಡದು. ಜನನಾಂಗದ ಹತ್ತಿರ ಎದ್ದರೆ ನಾಚಿಕೊಂಡು ಕೂರಬಾರದು, ಅದು ಟ್ಯಾಗ್ ಅಲ್ಲದೆ ಅಂಟುವ ನರಹುಲಿಯೂ ಆಗಿರಬಹುದು. ಆನ್‌ಲೈನಿನಲ್ಲಿ ಬರುವ ಸುಡುವ ಮುಲಾಮುಗಳನ್ನಂತೂ ಮುಟ್ಟಲೇಬೇಡ ಎಂದರು. ಕೊನೆಗೆ ಅವರು ಹೇಳಿದ್ದು, "ನಮ್ಮಂಥ ಕಪ್ಪು ಕಂದು ಚರ್ಮದವರಲ್ಲಿ ಮೆಲನೋಮಾ ಅನ್ನೋ ಕ್ಯಾನ್ಸರ್ ಅಪರೂಪ. ಬಂದರೆ ಮಾತ್ರ ಅಂಗಾಲು, ಅಂಗೈ, ಉಗುರಿನ ಕೆಳಗೆ ಹುಡುಕಬೇಕು. ಯಾರೂ ನೋಡಿಕೊಳ್ಳದ ಜಾಗ."

ಪೆನ್ನು ನಿಂತಿತು. ಫೋನು ತೆಗೆದು ಹುಡುಕಿದೆ. ಎಂಟು ತಿಂಗಳ ಹಿಂದೆ ತರೀಕೆರೆ ಕಡೆಯ ಹಳ್ಳಿಯಲ್ಲಿ ತೆಗೆದ ಫೋಟೋ. ನನ್ನ ಟಿಪ್ಪಣಿಯಲ್ಲಿ ಆಕೆ 'ವಕ್ತೃ 17', ಎಪ್ಪತ್ತು ದಾಟಿದ ಅಜ್ಜಿ. ಅಂಗಾಲಿನಲ್ಲಿ ಕಪ್ಪಗೆ, ಹುಣಸೆ ಬೀಜದಷ್ಟು ದೊಡ್ಡ ಗಂಟು. "ನರಹುಲಿ ಕಣವ್ವ, ಎರಡು ವರ್ಸದಿಂದ ಎಕ್ಕದ ಹಾಲು ಹಾಕ್ತಿವ್ನಿ, ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ" ಎಂದಿದ್ದರು. ನಾನು ಏನು ಮಾಡಿದ್ದೆ? ಕಾಲನ್ನು ಬೆಳಕಿಗೆ ತಿರುಗಿಸಿಕೊಳ್ಳಿ ಎಂದು ಫೋಟೋ ತೆಗೆದಿದ್ದೆ. ಎಕ್ಕದ ಹಾಲು, ದಿನಕ್ಕೊಮ್ಮೆ ಎಂದು ಬರೆದುಕೊಂಡು, ಅವರು ಕೊಟ್ಟ ಮಜ್ಜಿಗೆ ಕುಡಿದು, ನಾಲ್ಕೂವರೆಯ ಬಸ್ಸು ಹಿಡಿದಿದ್ದೆ. ಆಸ್ಪತ್ರೆಗೆ ತೋರಿಸಿ ಎನ್ನುವುದು ನೆನಪಿಗೇ ಬಂದಿರಲಿಲ್ಲ. ವಕ್ತೃವಿನ ನಂಬಿಕೆಯಲ್ಲಿ ಮೂಗು ತೂರಿಸಬಾರದು ಎಂದು ನಮಗೆ ಕಲಿಸಿದ್ದಾರೆ, ನಿಜ. ಆದರೆ ಅಂದು ನಾನು ಆ ಪಾಠವನ್ನು ಪಾಲಿಸುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ನನಗೆ ಬೇಕಾಗಿದ್ದು ಸಿಕ್ಕಿತ್ತು, ಅಷ್ಟೇ.

ಡಾಕ್ಟರು ಫೋಟೋವನ್ನು ಬಹಳ ಹೊತ್ತು ದೊಡ್ಡದು ಮಾಡಿ ನೋಡಿದರು. "ಫೋಟೋದಲ್ಲಿ ಹೇಳೋಕಾಗಲ್ಲ. ಕರೆದುಕೊಂಡು ಬರಬೇಕು" ಎಂದರು.

ಅಜ್ಜಿಯ ಮೊಮ್ಮಗನಿಗೆ ಫೋನ್ ಮಾಡಿದೆ. ಅಡಿಕೆ ಕೊಯ್ಲು ನಡೆಯುತ್ತಿದೆ, ಆಮೇಲೆ ನೋಡೋಣ ಎಂದ. ಅವನನ್ನು ದೂರುವ ಮುಖ ನನಗಿರಲಿಲ್ಲ. ಮಾರನೆಯ ವಾರ ನಾನೇ ಹೋದೆ. ಅಜ್ಜಿ ಮೊದಲು ಒಪ್ಪಲಿಲ್ಲ. "ಆವತ್ತು ಬರಕೊಂಡು ಹೋದೆ, ಇವತ್ತು ಹೆದರಿಸಕ್ಕೆ ಬಂದಿದೀಯ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ, ಸಂಜೆಯೊಳಗೆ ವಾಪಸು ತಂದು ಬಿಡುವ ಮಾತಿನ ಮೇಲೆ ಬಸ್ಸು ಹತ್ತಿದರು.

ಜಿಲ್ಲಾ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಯುವ ಡಾಕ್ಟರೊಬ್ಬರು ಬ್ಲೇಡಿನಿಂದ ಮೇಲಿನ ದಪ್ಪ ಪದರ ಕೆರೆದು ಭೂತಗನ್ನಡಿಯಲ್ಲಿ ನೋಡಿದರು. ಕಪ್ಪು ಚುಕ್ಕೆಗಳು ಕಾಣುತ್ತಿವೆ, ಅಂಗಾಲಿನ ನರಹುಲಿಯಲ್ಲಿ ಹೆಪ್ಪುಗಟ್ಟಿದ ರಕ್ತನಾಳಗಳು ಹೀಗೇ ಇರುತ್ತವೆ, ಬಹುಶಃ ಅದೇ ಎಂದರು. ಆದರೆ ಎಕ್ಕದ ಹಾಲು ಎರಡು ವರ್ಷ ಸುಟ್ಟು ಸುಟ್ಟು ಸುತ್ತಲ ಚರ್ಮವನ್ನೆಲ್ಲ ಕೆಡಿಸಿದ್ದರಿಂದ ಕಣ್ಣಲ್ಲಿ ನೋಡಿ ಗಟ್ಟಿಯಾಗಿ ಹೇಳಲಾಗದು, ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು ಎಂದರು. ಮರಗಟ್ಟಿಸುವ ಸೂಜಿ ಚುಚ್ಚುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಕೈ ಒರಟಾಗಿತ್ತು, ಬಿಸಿಯಾಗಿತ್ತು. ವಾಪಸು ಬರುವ ಬಸ್ಸಿನಲ್ಲಿ ಇಡೀ ದಾರಿ ಮಾತಾಡಲಿಲ್ಲ.

ವರದಿ ಬರಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ನಾನು ಒಂದು ಸಾಲೂ ಬರೆಯಲಿಲ್ಲ. ನರಹುಲಿಯೇ ಎಂದು ಬಂತು. ಮೊಮ್ಮಗನ ಫೋನಿನಿಂದ ಅಜ್ಜಿ, "ನಾನು ಏಳಿರಲಿಲ್ವಾ? ಸುಮ್ನೆ ಕಾಲು ಕುಯ್ಸಿದೆ" ಎಂದು ಬೈದರು. ಬೈಸಿಕೊಂಡು ಕೂತಲ್ಲೇ ಅತ್ತೆ. ಈಗ ಆಸ್ಪತ್ರೆಯವರು ಕೊಟ್ಟ ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಹಚ್ಚುತ್ತಿದ್ದಾರೆ, ಜೊತೆಗೆ ಎಕ್ಕದ ಹಾಲನ್ನೂ ಹಾಕುತ್ತಿರಬಹುದೆಂಬ ಗುಮಾನಿ ನನಗಿದೆ.

ನಾನು ದಿನಾ ಬೆಳಗ್ಗೆ ಕ್ಯಾಂಪಸ್ಸಿನ ಕೆರೆ ಏರಿಯ ಮೇಲೆ ಮುಕ್ಕಾಲು ಗಂಟೆ ನಡೆಯುತ್ತೇನೆ. ಮೆಸ್ಸಿನ ಅನ್ನ ಅರ್ಧವಾಗಿದೆ, ಲೈಬ್ರರಿಯ ಎದುರಿನ ಬೋಂಡ ಪೂರ್ತಿ ನಿಂತಿಲ್ಲ. ಮೂರು ತಿಂಗಳಿಗೆ 5.9. ಕುತ್ತಿಗೆಯ ಕಪ್ಪು ಹಾಗೇ ಇದೆ. ಅದು ಕಡಿಮೆಯಾಗಲು ತಿಂಗಳುಗಟ್ಟಲೆ ಬೇಕಂತೆ.

ದೀಪಾವಳಿಗೆ ಊರಿಗೆ ಹೋದಾಗ ಎಣ್ಣೆಸ್ನಾನಕ್ಕೆ ಮುಂಚೆ ಅಮ್ಮನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದೆ. ಮಾಂಗಲ್ಯದ ಸರ ಪಕ್ಕಕ್ಕೆ ಸರಿಸಿದರೆ ಅದರ ಕೆಳಗೆ ಸಾಲಾಗಿ ಎಂಟು ಹತ್ತು ಕಾಳುಗಳು, ಸುತ್ತ ಅದೇ ಮಖಮಲ್ಲಿನ ಕಪ್ಪು. ಯಾವಾಗಿನಿಂದ ಇದೆ ಎಂದು ಕೇಳಿದೆ. "ನೀನು ಹುಟ್ಟಿದಾಗಿನಿಂದ ಇದಾವೆ, ಅದಕ್ಕೇನೀಗ?" ಎಂದಳು. ಸಕ್ಕರೆ ಪರೀಕ್ಷೆ ಮಾಡಿಸಿದ್ದೀಯಾ ಎಂದರೆ, ತನಗೇನಾಗಿದೆ ಎಂದು ಮಾಡಿಸಬೇಕು ಎಂದಳು. ನಾನು ಬಿಡಲಿಲ್ಲ. ಕೊನೆಗೆ ಹಬ್ಬ ಮುಗಿಯಲಿ, ಒಬ್ಬಟ್ಟು ತಿಂದಾದ ಮೇಲೆ ಬರುತ್ತೇನೆ ಎಂದಿದ್ದಾಳೆ. ಈ ಸೋಮವಾರ ಬೆಳಗ್ಗೆ ಏಳಕ್ಕೆ, ಬರೀ ಹೊಟ್ಟೆಯಲ್ಲಿ, ಲ್ಯಾಬಿಗೆ ಹೋಗುವುದು ಎಂದಾಗಿದೆ. ರಾತ್ರಿ ಫೋನ್ ಮಾಡಿ ಇನ್ನೊಮ್ಮೆ ನೆನಪಿಸಬೇಕು.