ಓದುವವನ ಹೊರೆ

ಗಣಕಯಂತ್ರಕ್ಕಾಗಿ ಬರೆದ ಪ್ರೋಗ್ರಾಮನ್ನು ಮುಂದೆ ಓದಿ ತಿದ್ದಬೇಕಾದವನು ಮನುಷ್ಯನೇ. ‘ಮೊತ್ತ ಸೊನ್ನೆಯಿರಲಿ, ಒಂದೊಂದೇ ಸಂಖ್ಯೆಯನ್ನು ತೆಗೆದುಕೋ, ಅದು ಸಮವಾದರೆ ಅದರ ವರ್ಗವನ್ನು ಮೊತ್ತಕ್ಕೆ ಕೂಡು’ ಎಂಬುದು ಆಜ್ಞೆಯ ಶೈಲಿ. ‘ಸಮಸಂಖ್ಯೆಗಳ ವರ್ಗಗಳ ಮೊತ್ತ’ ಎಂಬುದು ಫಂಕ್ಷನ್ ಶೈಲಿ. ಮೊದಲನೆಯದರಲ್ಲಿ ಹೆಜ್ಜೆಹೆಜ್ಜೆಗೂ ಬದಲಾಗುವ ಮೊತ್ತವನ್ನು ಓದುಗನು ನೆನಪಿನಲ್ಲಿಡಬೇಕು. ಎರಡನೆಯದರಲ್ಲಿ ಉದ್ದೇಶವೇ ಎದುರಿಗೆ ನಿಲ್ಲುತ್ತದೆ. 1957ರಲ್ಲಿ ಹೊರಬಂದ, ಆಜ್ಞಾಶೈಲಿಯ ಫೋರ್ಟ್ರಾನ್ ಭಾಷೆಯನ್ನು ರೂಪಿಸಿದ ತಂಡದ ನಾಯಕರಾದ ಜಾನ್ ಬ್ಯಾಕಸ್ ಅವರೇ 1977ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಎರಡನೆಯ ದಾರಿಯನ್ನು ಎತ್ತಿಹಿಡಿದರು. ಆದರೂ ಹತ್ತು ಫಂಕ್ಷನ್‌ಗಳನ್ನು ಒಂದೇ ಸಾಲಿನಲ್ಲಿ ಹೆಣೆದರೆ ಅದೂ ಒಗಟಾಗುತ್ತದೆ. ಆಗ ಹೆಜ್ಜೆಗಳನ್ನು ಬಿಡಿಸಿ ಹೇಳುವ ಆಜ್ಞೆಯೇ ಲೇಸು. ಶೈಲಿ ಯಾವುದೇ ಇರಲಿ, ನಾಳೆ ಅದರಲ್ಲಿ ತಪ್ಪು ಹುಡುಕುವವನ ಹೊರೆಯನ್ನು ಇಳಿಸಿದ ಬರಹವೇ ನನ್ನ ಪಾಲಿಗೆ ಒಳ್ಳೆಯ ಬರಹ.